ಐತಪ್ಪ ಹಡಗಿನ ಟಿಕೆಟಿಗೆ ಹೋದದ್ದು

ಪಡುಕೋಡಿಯ ಕಡಲ ಬದಿಯಲ್ಲಿ ಅಪ್ಪಿಯಕ್ಕ ಎಂಬ ಹೆಂಗಸು ಇದ್ದಳು, ಅವಳಿಗೆ ಐತಪ್ಪ ಎಂಬ ಮಗ ಇದ್ದ. ಹೇಳಿದ ಮಾತು ಕೇಳದ ಮಕ್ಕಳನ್ನು ಹೆತ್ತವರು ಊರು ತುಂಬ ಇದ್ದಾರೆ, ಅವರ ಗೋಳು ನಮಗೆಲ್ಲ ಗೊತ್ತು. ಅಪ್ಪಿಯಕ್ಕನ ಗೋಳು ಬೇರೆ. ಅವಳ ಮಗ ಹೇಳಿದ್ದನ್ನೆಲ್ಲ ಕೇಳುತ್ತಿದ್ದ. ಅನ್ನ ಉಕ್ಕುತ್ತದಾ ನೋಡು ಎಂದರೆ, ಉಕ್ಕಿ ಉಕ್ಕಿ ಒಲೆ ಆರುವವರೆಗೂ ನೋಡುತ್ತ ಕೂತ. ಕೇಳಿದರೆ, ಉಕ್ಕಿತಮ್ಮ, ನಾನೇ ನೋಡಿದೆ ಎಂದ. ಮೀಸೆ ಬಂದ ಗಂಡು, ಎತ್ತಿನ ಹಾಗೆ ದುಡಿಯುವ ಮೈ, ಕಡಲಿಗಿಳಿದರೆ ಮೀನಿನ ಹಾಗೆ ಈಜುವವ. ಬುದ್ಧಿ ಮಾತ್ರ ಅಮ್ಮನ ಬಾಯಿಂದ ಹೊರಟ ಮಾತಿನ ಹಿಂದೆಯೇ ನಡೆಯುತ್ತಿತ್ತು, ಆಚೀಚೆ ನೋಡುತ್ತಿರಲಿಲ್ಲ.

ಅಪ್ಪಿಯಕ್ಕನಿಗೆ ಇದ್ದದ್ದು ಒಂದೇ ಆಸೆ. ಅವಳ ಗಂಡ ಹಡಗಿನಲ್ಲಿ ಅಡುಗೆಯವನಾಗಿದ್ದ. ರಜೆಯಲ್ಲಿ ಬಂದಾಗಲೆಲ್ಲ, ಕಡಲಿಂದ ನೋಡಿದರೆ ನಮ್ಮ ಮನೆ ಎಷ್ಟು ಚಂದ ಗೊತ್ತುಂಟಾ ಎನ್ನುತ್ತಿದ್ದ. ಈ ಸೋರುವ ಹಂಚಿನ ಮನೆಯಾ ಎಂದು ಅವಳು ನಗುತ್ತಿದ್ದಳು. ಅವನು ತೀರಿಹೋದ ಮೇಲೆ ಆ ನಗು ಅವಳಿಗೆ ಚುಚ್ಚತೊಡಗಿತು. ಜಗಲಿಯಲ್ಲಿ ಬೀಡಿ ಕಟ್ಟುತ್ತ ಈ ಕಡೆಯಿಂದ ಆ ಕಡೆ ನೋಡಿದ್ದಾಯಿತು, ಸಾಯುವ ಮೊದಲು ಒಂದು ಸಲ ಆ ಕಡೆಯಿಂದ ಈ ಕಡೆ ನೋಡಬೇಕು ಎಂದು ಅವಳು ಆಸೆಪಟ್ಟಳು. ಮೀನಿನ ದೋಣಿಯಲ್ಲಿ ಹೋಗಬಹುದಿತ್ತಲ್ಲ ಎನ್ನುತ್ತೀರಿ. ಪಡುಕೋಡಿಯಲ್ಲಿ ಮೀನಿನ ದೋಣಿಗೆ ಹೆಂಗಸರನ್ನು ಹತ್ತಿಸುವ ಕ್ರಮವಿಲ್ಲ. ಹತ್ತಿಸಿದರೆ ಮೀನು ಬೀಳುವುದಿಲ್ಲವಂತೆ. ಆ ಮೀನನ್ನು ತಲೆಯ ಮೇಲೆ ಹೊತ್ತು ಮಾರಲು ಮಾತ್ರ ಹೆಂಗಸರೇ ಬೇಕು. ಇರಲಿ.

ಆ ವರ್ಷ ಮಂಗಳೂರಿನ ಬಂದರಿಗೆ ಜಲರಾಣಿ ಎಂಬ ಬಿಳಿ ಹಡಗು ಬಂತು. ಉಲ್ಲಾಸಕ್ಕೆ ಹೋಗುವವರ ಹಡಗು. ದಡದ ಗುಂಟ ಗೋವೆಗೆ ಹೋಗಿ ಬರುವುದು, ಸಂಜೆ ಹೊತ್ತಿಗೆ ಪಡುಕೋಡಿಯ ಎದುರಿನಿಂದಲೇ ಹಾಯುವುದು. ಟಿಕೆಟಿನ ದರ ಕೇಳಿದರೆ ಬೀಡಿ ಕಟ್ಟುವವರಿಗೆ ತಲೆ ತಿರುಗಬೇಕು. ಆದರೆ ಬೀಡಿ ಡಿಪೋದಲ್ಲಿ ಹೆಂಗಸರು ಹೇಳಿದರು, ಹಡಗಿಗೆ ಒಂದೇ ದರ ಅಂತ ಇಲ್ಲ, ಒಬ್ಬೊಬ್ಬರಿಗೆ ಒಂದೊಂದು ದರ, ಕೇಳಿದವರಿಗೆ ಕಡಿಮೆ, ಕೇಳದವರಿಗೆ ಪೂರ್ತಿ. ಮಳೆಗಾಲ ಬಂದರೆ ಹಡಗು ನಿಲ್ಲುತ್ತದೆ, ಬರುವ ವರ್ಷ ಬರುತ್ತದೆ ಎಂದು ಹೇಳುವಂತಿಲ್ಲ. ಅಪ್ಪಿಯಕ್ಕ ತಾನೇ ಹೋಗೋಣವೆಂದರೆ ದಿನದ ಬೀಡಿ ತಪ್ಪಿದರೆ ಡಿಪೋದವರು ಮರುದಿನ ಎಲೆ ಕೊಡುವುದಿಲ್ಲ. ಮನೆಯಲ್ಲಿ ಇದ್ದವನು ಐತಪ್ಪ.

"ಹಡಗಿನ ಆಫೀಸಿಗೆ ಹೋಗು ಮಗ. ಎಲ್ಲಕ್ಕಿಂತ ಕಡಿಮೆ ದರ ಯಾವುದು ಅಂತ ಕೇಳು. ಅದನ್ನೇ ತಕ್ಕೊಂಡು ಬಾ" ಎಂದಳು.

ಐತಪ್ಪ ಹೋದ. ಕಿಟಕಿಯ ಹಿಂದೆ ಫ್ಲೇವಿಯಾ ಬಾಯಿ ಎಂಬವರು ಕೂತಿದ್ದರು, ಕನ್ನಡಕದ ಮೇಲಿನಿಂದ ನೋಡುವವರು, ಮನಸ್ಸು ಮೆತ್ತಗೆ, ಮಾತು ಸ್ವಲ್ಪ ಜೋರು. ಎಲ್ಲಕ್ಕಿಂತ ಕಡಿಮೆ ದರ ಯಾವುದು ಎಂದು ಐತಪ್ಪ ಕೇಳಿದ. ಮಡಿಲಲ್ಲಿ ಕೂರುವ ಕೂಸಿನದ್ದು ಎಂದು ಅವರು ಹೇಳಿದರು. ಅದನ್ನೇ ಕೊಡಿ ಎಂದ. ಕೂಸಿನ ಹೆಸರೇನು ಎಂದರೆ ಅಪ್ಪಿ ಎಂದ. ಮುದ್ದಾದ ಹೆಸರು ಎಂದು ಬಾಯಿ ಟಿಕೆಟು ಹರಿದು ಕೊಟ್ಟರು.

ಮನೆಗೆ ಬಂದು ಉಳಿದ ದುಡ್ಡನ್ನೆಲ್ಲ ಅಮ್ಮನ ಮುಂದೆ ಸುರಿದ. ಅಪ್ಪಿಯಕ್ಕನಿಗೆ ಕಣ್ಣಲ್ಲಿ ನೀರು ಬಂತು, ನನ್ನ ಮಗ ಗೆದ್ದ ಎಂದಳು. ಆಮೇಲೆ ಐತಪ್ಪ, ಅಮ್ಮ, ನೀನು ಯಾರದ್ದಾದರೂ ಮಡಿಲಲ್ಲಿ ಕೂತುಕೊಳ್ಳಬೇಕು, ಹಾಲಿನ ಬಾಟ್ಲಿ ನಾವೇ ತರಬೇಕಂತೆ ಎಂದ. ಅಪ್ಪಿಯಕ್ಕ ಹಣೆ ಹಣೆ ಚಚ್ಚಿಕೊಂಡಳು.

"ನಾನು ಕೂಸಾ? ತಲೆ ನೋಡು, ಒಂದು ಕಪ್ಪು ಕೂದಲು ಉಂಟಾ? ಇದನ್ನು ವಾಪಸ್ಸು ಕೊಡು. ವಯಸ್ಸಾದವರಿಗೆ ಬೇರೆ ದರ ಉಂಟಂತೆ. ಎಷ್ಟು ವಯಸ್ಸು ಜಾಸ್ತಿಯೋ ಅಷ್ಟು ಒಳ್ಳೇದು. ಮನೆಯಲ್ಲಿ ಎಲ್ಲರಿಗಿಂತ ದೊಡ್ಡ ಹೆಂಗಸಿಗೆ ಟಿಕೆಟು ಬೇಕು ಅಂತ ಹೇಳು. ಗುರುತಿಗೆ ಫೋಟೋ ತಕ್ಕೊಂಡು ಹೋಗು" ಎಂದಳು.

ಐತಪ್ಪ ಮನೆಯಲ್ಲಿ ನಿಂತು ಯೋಚಿಸಿದ. ಅಮ್ಮ ದೊಡ್ಡವಳು ಹೌದು, ಆದರೆ ಅಮ್ಮನಿಗಿಂತ ಅಜ್ಜಿ ದೊಡ್ಡವಳು. ಗೋಡೆಯಲ್ಲಿದ್ದ ಅಜ್ಜಿಯ ಫೋಟೋವನ್ನು ಮೊಳೆಯಿಂದ ಬಿಡಿಸಿ, ಪ್ಲಾಸ್ಟಿಕ್ ಹೂಮಾಲೆ ಸಮೇತ ಬಗಲಲ್ಲಿಟ್ಟುಕೊಂಡು ಹೊರಟ. ಹಿರಿಯರಿಗೆ ರಿಯಾಯಿತಿ ಉಂಟೆಂದು ಬಾಯಿ ಹೇಳಿದರು, ವಯಸ್ಸೆಷ್ಟು ಎಂದರು. ನೂರು ದಾಟಿರಬೇಕು ಎಂದ. ಬಾಯಿಗೆ ಭಕ್ತಿ ಬಂತು. ಅಷ್ಟು ವಯಸ್ಸಿನವರು ಏಣಿ ಹತ್ತಿ ಹಡಗಿಗೆ ಬರುತ್ತಾರಾ ಎಂದು ಕೇಳಿದರು. ಇಲ್ಲ, ನಾನು ಹುಟ್ಟಿದಂದಿನಿಂದ ನಡೆದದ್ದೇ ನೋಡಲಿಲ್ಲ ಎಂದ. ಹಾಗಾದರೆ ಊಟಕ್ಕೆ ಪಥ್ಯವಾ ಎಂದರು. ಏನೂ ಬೇಡ, ವರ್ಷಕ್ಕೆ ಒಂದು ಸಲ ಎಲೆ ಹಾಕಿ ಬಡಿಸುತ್ತೇವೆ, ಕಾಗೆ ತಿಂದುಹೋಗುತ್ತದೆ ಎಂದು ಹೇಳಿ ಫೋಟೋ ತೆಗೆದು ಕಿಟಕಿಗೆ ಒರಗಿಸಿದ. ಬಾಯಿ ಎದೆಯ ಮೇಲೆ ಶಿಲುಬೆ ಎಳೆದುಕೊಂಡರು.

ಅಜ್ಜಿಯನ್ನು ಮೊಳೆಗೆ ತೂಗುಹಾಕುತ್ತ ಅಪ್ಪಿಯಕ್ಕ ಬೈದಳು. ಬದುಕಿದ್ದಾಗ ಅತ್ತೆಯನ್ನು ಪೇಟೆಗೆ ಕರೆದುಕೊಂಡು ಹೋಗಲಿಲ್ಲ ಎಂಬ ಮಾತು ನನಗೆ ಈಗಲೂ ಉಂಟು, ನೀನು ಸತ್ತ ಮೇಲೆ ಬಸ್ಸಿನಲ್ಲಿ ನಿಲ್ಲಿಸಿ ಕರೆದುಕೊಂಡು ಹೋದೆಯಾ ಎಂದಳು. ಬೈದು ಸುಸ್ತಾಗಿ, ಹೊಸ ಉಪಾಯ ಹೇಳಿದಳು. ಉಸಿರಾಡುವವರು ಬೇಕು, ಮತ್ತೆ ಗುಂಪಾಗಿ ಹೋದರೆ ಎಲ್ಲರಿಗೂ ಕಡಿಮೆಯಂತೆ, ರಿಯಾಯಿತಿ ಉಂಟು ಎಂದು ಹೇಳಿ ನಾಲ್ಕು ಜನರನ್ನು ಕೂಡಿಸಿಕೊಂಡು ಹೋಗು ಎಂದಳು.

ಐತಪ್ಪ ನೇರ ಡಿಪೋದ ಎದುರಿಗೆ ಹೋದ. ಬೀಡಿ ಒಪ್ಪಿಸಿ ಕೂಲಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೆಂಗಸರು ಹೊರಗೆ ಬರುವ ಹೊತ್ತು. ರಿಯಾಯಿತಿ ಉಂಟು ಎಂದ. ಅಷ್ಟೇ ಹೇಳಿದ, ಅಮ್ಮ ಹೇಳಿದ್ದೂ ಅಷ್ಟೇ. ಎಲ್ಲಿ, ಯಾವುದಕ್ಕೆ ಎಂದು ಒಬ್ಬಳೂ ಕೇಳಲಿಲ್ಲ. ಒಬ್ಬಳು ಇನ್ನೊಬ್ಬಳಿಗೆ ಹೇಳಿದಳು, ಅವಳು ತಂಗಿಗೆ ಹೇಳಿದಳು, ತಂಗಿ ನಾದಿನಿಯನ್ನು ಬಿಟ್ಟು ಬರುವುದಾ? ಬಸ್ಸು ತುಂಬಿ ಬಂದರಿಗೆ ಹೋಯಿತು. ಹಡಗಿನ ಆಫೀಸಿಗೆ ನುಗ್ಗಿ, ಸೀರೆ ಎಲ್ಲಿ ಎಂದು ಕೇಳಿದರು. ಸೀರೆ ಇಲ್ಲ, ಇದು ಹಡಗು ಎಂದು ಬಾಯಿ ಹೇಳಿದರು. ಒಳಗೆ ಅಡಗಿಸಿಟ್ಟಿದ್ದಾರೆಂದು ಹೆಂಗಸರು ಕಪಾಟು ತೆರೆದು ನೋಡಿದರು. ಕೊನೆಗೆ ಐತಪ್ಪನ ಸುತ್ತ ನಿಂತು ಅವರು ಬೈದ ಬೈಗುಳದಲ್ಲಿ ಅರ್ಧ ನನಗೆ ಗೊತ್ತು, ಇಲ್ಲಿ ಹೇಳುವುದಿಲ್ಲ. ವಾಪಸ್ಸು ಬಸ್ಸಿನ ಚಾರ್ಜು ಅಪ್ಪಿಯಕ್ಕನೇ ಕೊಡಬೇಕಾಯಿತು.

ಅವಳು ಆ ದಿನ ಬೈಯಲಿಲ್ಲ. ಬೈದರೆ ಇನ್ನೇನಾದರೂ ಕಲಿತುಬಿಡುತ್ತಾನೆಂದು ಹೆದರಿಕೆ. ಸಂಜೆ ಮೀನು ಕೊಳ್ಳಲು ಹೋದಾಗ ಅವಳಿಗೆ ಹೊಳೆಯಿತು. ಪಡುಕೋಡಿಯ ಮಾರ್ಕೆಟಿನಲ್ಲಿ ಮೊದಲು ಹೇಳಿದ ಬೆಲೆಗೆ ಯಾರೂ ಮೀನು ಕೊಳ್ಳುವುದಿಲ್ಲ. ಬೆಲೆ ಕೇಳಬೇಕು, ಮುಖ ಸಿಂಡರಿಸಬೇಕು, ತಿರುಗಿ ನಡೆಯಬೇಕು. ಬಾ ಅಕ್ಕ, ಬಾ ಎಂದು ಅವರೇ ಕರೆದು ಬುಟ್ಟಿಗೆ ಸುರಿಯುತ್ತಾರೆ.

"ಈ ಸಲ ಯಾರನ್ನೂ ಕರ್ಕೊಂಡು ಹೋಗಬೇಡ. ದರ ಕೇಳು, ಜಾಸ್ತಿಯಾಯ್ತು ಅಂತ ಹೇಳು, ಹಿಂದೆ ನೋಡದೆ ಹೊರಡು. ಅವರೇ ಕರೆದು ಕಡಿಮೆ ಮಾಡ್ತಾರೆ" ಎಂದು ಕಲಿಸಿದಳು. ಅಂಗಳದಲ್ಲಿ ನಡೆಸಿಯೂ ನೋಡಿದಳು. ಚೆನ್ನಾಗಿ ನಡೆದ.

ಪಾಪ, ಉಪಾಯ ಫಲಿಸಿತು. ಫ್ಲೇವಿಯಾ ಬಾಯಿಗೆ ಅಷ್ಟರಲ್ಲಿ ಇವನ ಮೇಲೆ ಕರುಣೆ ಬಂದಿತ್ತು. ದರ ಹೇಳಿದರು, ಇವನು ಜಾಸ್ತಿಯಾಯ್ತು ಎಂದು ತಿರುಗಿ ನಡೆದ. ನಿಲ್ಲು ಮಾರಾಯ, ಕಡಲತಡಿಯವರಿಗೆ ಬೇರೆ ದರ ಉಂಟು ಎಂದು ಅವರು ಕೂಗಿದರು. ಐತಪ್ಪ ಹಿಂದೆ ನೋಡಲಿಲ್ಲ. ಕುರ್ಚಿ ಬಿಟ್ಟು ಬಾಗಿಲಿಗೆ ಬಂದು, ಹಡಗಿನಲ್ಲಿ ದುಡಿದವರ ಹೆಂಡತಿಗೆ ಇನ್ನೂ ಕಡಿಮೆ ಎಂದರು. ನೋಡಲಿಲ್ಲ. ಚಪ್ಪಲಿ ಹಾಕದೆ ಬಸ್‌ಸ್ಟಾಪಿನವರೆಗೆ ಓಡಿ ಬಂದು, ಏದುಸಿರು ಬಿಡುತ್ತ, ಕೊನೆಯ ಪ್ರಯಾಣದಲ್ಲಿ ಮಲಗುವ ಜಾಗ ಒಂದು ಉಳಿದಿದೆ, ಅರ್ಧಕ್ಕರ್ಧ ಮಾಡಿ ಕೊಡುತ್ತೇನೆ ಎಂದರು. ಐತಪ್ಪನಿಗೆ ಅಮ್ಮನ ಮಾತು ಚೆನ್ನಾಗಿ ನೆನಪಿತ್ತು. ಹಿಂದೆ ನೋಡದೆ ಬಸ್ಸು ಹತ್ತಿದ.

ಅವರು ಕರೆದರಾ ಎಂದು ಅಪ್ಪಿಯಕ್ಕ ಕೇಳಿದಳು. ಕರೆದರು, ಪಾಪ, ಬಸ್‌ಸ್ಟಾಪಿನವರೆಗೂ ಬಂದು ಅರ್ಧಕ್ಕೆ ಕೊಡುತ್ತೇನೆಂದರು, ನಾನು ನೋಡಲೇ ಇಲ್ಲ ಎಂದು ಐತಪ್ಪ ಎದೆ ಉಬ್ಬಿಸಿ ಹೇಳಿದ. ಅಪ್ಪಿಯಕ್ಕ ಬೀಡಿಯ ಮೊರವನ್ನು ಪಕ್ಕಕ್ಕಿಟ್ಟು ಸೆರಗಲ್ಲಿ ಮುಖ ಮುಚ್ಚಿಕೊಂಡಳು. ಈ ಸಲ ನಿಜವಾಗಿ ಅತ್ತಳು. ಕೊನೆಯ ಪ್ರಯಾಣ ಮರುದಿನವೇ ಇತ್ತು. ಅಮ್ಮ ಅಳುವುದನ್ನು ಕಂಡು ಐತಪ್ಪನೂ ಅತ್ತ, ಏಕೆಂದು ಅವನಿಗೆ ಗೊತ್ತಾಗದಿದ್ದರೂ.

"ದೂರ ನಿಂತು ಯಾವ ಕೆಲಸವೂ ಆಗುದಿಲ್ಲ ಮಗ" ಎಂದಳು ಕಣ್ಣು ಒರೆಸಿಕೊಂಡು. "ಮನುಷ್ಯರ ಹತ್ತಿರ ಹೋಗಬೇಕು. ಇನ್ನೂ ಹತ್ತಿರ ಹೋಗಬೇಕು. ಮುಖಕ್ಕೆ ಮುಖ ಕಾಣುವ ಹಾಗೆ ನಿಲ್ಲಬೇಕು. ತಿಳೀತಾ?"

ತಿಳಿಯಿತು ಎಂದ.

ಮರುದಿನ ಬೀಡಿ ಹಾಳಾಗಿ ಹೋಗಲಿ ಎಂದು ಅಪ್ಪಿಯಕ್ಕ ತಾನೇ ಹೊರಟಳು. ಹೊರಡುವಾಗ ಮಗನಿಗೆ ತನ್ನ ಮದುವೆಯ ಕೆಂಪು ಸೀರೆ ಕೊಟ್ಟಳು. ಕಡಲ ಬದಿಯ ಮನೆಗಳೆಲ್ಲ ಒಂದೇ ಥರ, ತೆಂಗಿನ ಮರದ ಅಡಿಯಲ್ಲಿ ಒಂದೊಂದು ಹಂಚಿನ ಮಾಡು. ನಮ್ಮದು ಯಾವುದೆಂದು ನನಗೆ ಗೊತ್ತಾಗಬೇಕು, ಸಂಜೆ ಹಡಗು ಹಾಯುವಾಗ ಈ ಸೀರೆ ಬೀಸುತ್ತ ನನಗೆ ಕಾಣುವ ಹಾಗೆ ನಿಲ್ಲು ಎಂದಳು. ಆಫೀಸಿನಲ್ಲಿ ಹೆಸರು ಹೇಳಿದಾಗ ಫ್ಲೇವಿಯಾ ಬಾಯಿ ಅವಳನ್ನು ತಲೆಯಿಂದ ಕಾಲಿನವರೆಗೆ ನೋಡಿ, ನೀವಾ ಆ ಕೂಸು ಎಂದು ನಕ್ಕರು. ಜಾಗ ಇನ್ನೂ ಖಾಲಿ ಇತ್ತು. ಅರ್ಧಕ್ಕೆ ಕೊಡುತ್ತೇನೆಂದ ಮಾತು ಅವರು ತಪ್ಪಲಿಲ್ಲ. ಅಪ್ಪಿಯಕ್ಕ ಸೆರಗಿನ ಗಂಟು ಬಿಚ್ಚಿ ದುಡ್ಡು ಕೊಟ್ಟಳು, ಹಡಗು ಹತ್ತಿದಳು.

ಹಡಗು ಹೊರಟಿತು. ಬಿಸಿಲು ಇಳಿಯುವಾಗ ಪಡುಕೋಡಿ ಬಂತು. ಹಡಗಿನ ಅಂಚಿನ ಕಟಕಟೆ ಹಿಡಿದು ನಿಂತ ಅಪ್ಪಿಯಕ್ಕ ಕಣ್ಣು ಕೀಲಿಸಿ ದಡವನ್ನು ಹುಡುಕಿದಳು. ತೆಂಗು, ಮಾಡು, ತೆಂಗು, ಮಾಡು. ಎಲ್ಲಿಯೂ ಕೆಂಪು ಇಲ್ಲ. ಹಡಗು ನಿಲ್ಲುವುದಿಲ್ಲ, ಹಾಯುತ್ತಲೇ ಇದೆ. ಇನ್ನು ಸ್ವಲ್ಪದರಲ್ಲಿ ಊರೇ ಹಿಂದೆ ಬೀಳುತ್ತದೆ. ಇಷ್ಟೆಲ್ಲ ಮಾಡಿ ಕೊನೆಗೆ ಇದಕ್ಕಾ ಎಂದು ಅವಳು ಇನ್ನಷ್ಟು ಮುಂದಕ್ಕೆ ಬಗ್ಗಿದಳು.

ಐತಪ್ಪ ಮರೆತಿರಲಿಲ್ಲ. ಅವನು ಮರೆಯುವವನಲ್ಲ, ತೊಂದರೆ ಇರುವುದೇ ಅಲ್ಲಿ. ಮನೆಯ ಎದುರು ಸೀರೆ ಹಿಡಿದು ನಿಂತಿದ್ದ. ಹಡಗು ಕಂಡಿತು, ಆದರೆ ಹಡಗಿನಲ್ಲಿ ಅಮ್ಮನ ಮುಖ ಕಾಣಲಿಲ್ಲ. ದೂರ ನಿಂತು ಯಾವ ಕೆಲಸವೂ ಆಗುದಿಲ್ಲ ಎಂದು ಅಮ್ಮ ನಿನ್ನೆಯಷ್ಟೇ ಹೇಳಿದ್ದಾಳೆ. ದಡದಲ್ಲಿದ್ದ ನೆರೆಮನೆಯವರ ಸಣ್ಣ ದೋಣಿ ನೂಕಿ ಕಡಲಿಗಿಳಿದ. ಹುಟ್ಟು ಹಾಕಿ ಹಾಕಿ ಹಡಗಿನ ದಾರಿಗೇ ಬಂದು, ದೋಣಿಯಲ್ಲಿ ಎದ್ದು ನಿಂತು ಸೀರೆ ಬೀಸಿದ. ಎದ್ದು ನಿಂತರೆ ಸಣ್ಣ ದೋಣಿ ಏನಾಗುತ್ತದೆ? ಮಗುಚಿತು. ನೀರಿನಲ್ಲಿ ಮುಳುಗುತ್ತ ಏಳುತ್ತ ಒಂದು ಕೈಯಲ್ಲಿ ಈಜುತ್ತ, ಇನ್ನೊಂದು ಕೈಯಲ್ಲಿ ಸೀರೆ ಬೀಸುತ್ತಲೇ ಇದ್ದ.

ನಡುಗಡಲಲ್ಲಿ ಕೆಂಪು ಬಟ್ಟೆ ಬೀಸಿದರೆ ಯಾವ ಕಪ್ತಾನನೂ ಸುಮ್ಮನೆ ಹೋಗುವುದಿಲ್ಲ. ಸಿಳ್ಳೆ ಊದಿದರು, ಯಂತ್ರ ನಿಲ್ಲಿಸಿದರು, ದೊಡ್ಡ ಹಡಗು ಪಡುಕೋಡಿಯ ಎದುರಿಗೆ ನಿಂತುಬಿಟ್ಟಿತು. ಹಗ್ಗ ಬಿಟ್ಟು ಐತಪ್ಪನನ್ನು ಎಳೆದರು, ಮಗುಚಿದ ದೋಣಿಯನ್ನೂ ಎತ್ತಿದರು. ಹಡಗಿನ ಲೆಕ್ಕದವನು ಬಂದು ಟಿಕೆಟು ಕೇಳಿದ. ಐತಪ್ಪ ಅಭ್ಯಾಸದಂತೆ, ಎಲ್ಲಕ್ಕಿಂತ ಕಡಿಮೆ ದರ ಯಾವುದು ಎಂದ. ಕಪ್ತಾನ ನಕ್ಕು, ಕಡಲಿನಿಂದ ಎತ್ತಿದವರಿಗೆ ನಮ್ಮ ಹಡಗಿನಲ್ಲಿ ದರವೇ ಇಲ್ಲ, ಊಟ ಹಾಕಿ ಎಂದ. ಕೂಸಿನ ದರ, ಮುದುಕರ ದರ, ಗುಂಪಿನ ದರ ಎಂದು ತಾನು ಇಡೀ ಬೇಸಗೆ ಹುಡುಕಿದ್ದು ಇದನ್ನೇ ಎಂದು ಅಪ್ಪಿಯಕ್ಕನಿಗೆ ಆಗ ಗೊತ್ತಾಯಿತು.

ಅವಳು ಮೊದಲು ಮಗನ ಬೆನ್ನಿಗೆ ಎರಡು ಗುದ್ದಿದಳು, ಆಮೇಲೆ ಅದೇ ಬೆನ್ನನ್ನು ಸೆರಗಿನಿಂದ ಒರೆಸಿದಳು. ನೀನು ಸೀರೆ ಹಿಡಿದು ಇಲ್ಲಿಗೇ ಬಂದರೆ ಅಲ್ಲಿ ನಮ್ಮ ಮನೆ ಯಾವುದೆಂದು ನಾನು ಹೇಗೆ ತಿಳಿಯಲಿ ಎಂದಳು.

"ಬಾಗಿಲು ತೆರೆದಿರುವುದು ನಮ್ಮದಮ್ಮ. ಗಡಿಬಿಡಿಯಲ್ಲಿ ಹಾಕಲಿಲ್ಲ" ಎಂದ.

ಅಪ್ಪಿಯಕ್ಕ ನೋಡಿದಳು. ಹಡಗು ನಿಂತಿತ್ತು, ಅವಸರವಿರಲಿಲ್ಲ. ಮುಚ್ಚಿದ ಬಾಗಿಲುಗಳ ಸಾಲಿನಲ್ಲಿ ಒಂದು ಬಾಗಿಲು ತೆರೆದಿತ್ತು. ಇಳಿಬಿಸಿಲು ಕಡಲ ಮೇಲಿಂದ ನೇರ ಅದರೊಳಗೆ ಹೋಗಿ ಒಳಗಿನ ಗೋಡೆಯನ್ನು ಬೆಳಗಿಸಿತ್ತು. ಬೇರೆ ಯಾವ ಮನೆಯೂ ಹಾಗೆ ಕಾಣುತ್ತಿರಲಿಲ್ಲ. ಗಂಡ ಹೇಳಿದ್ದು ಸುಳ್ಳಲ್ಲ, ಚಂದವೇ ಇತ್ತು. ಅವಳು ಬಹಳ ಹೊತ್ತು ನೋಡಿದಳು. ಅವಳಿಗೆ ಆದ ಸಂತೋಷವನ್ನು ಹೇಳಲು ನನಗೆ ಬಾಯಿ ಸಾಲದು.

ಆಮೇಲೆ ಅವಳು ಮತ್ತೆ ಐತಪ್ಪನ ಅಮ್ಮನಾದಳು.

"ಅಲ್ಲ ಮಗ, ಬಾಗಿಲು ಹಾಕದೆ ಬರುವುದಾ? ನಾಯಿ ಹೊಕ್ಕರೆ ಎಂತ ಮಾಡುವುದು? ಹಾಕಿ ಬರಬೇಕಿತ್ತು" ಎಂದಳು.

"ಹೌದಲ್ವಾ ಅಮ್ಮ" ಎಂದ ಐತಪ್ಪ, "ಈಗ ಹಾಕಿ ಬರ್ತೇನೆ" ಎಂದು ಕಟಕಟೆಯ ಆಚೆಗೆ ಒಂದು ಕಾಲು ಹಾಕಿದ.

ಅಪ್ಪಿಯಕ್ಕ ಅವನ ಲುಂಗಿಯನ್ನು ಎರಡೂ ಕೈಯಲ್ಲಿ ಹಿಡಿದಳು. ಗೋವೆ ಬರುವವರೆಗೆ ಬಿಡಲಿಲ್ಲ.