ಅತ್ತೆಗೆ ತೊಟ್ಟಿಲು ಕಟ್ಟಿದ ಸೊಸೆ

ದೇವರು ಇನ್ನೂ ಊರಬೀದೀಲಿ ಓಡಾಡಿಕೊಂಡಿದ್ದ ಕಾಲವಂತೆ ಕಂದಾ. ಆಗ ಕೆಂಪಾಜಿ ಅಂತ ಒಬ್ಬಳು ಸೊಸೆ, ಮದುವೆಯಾಗಿ ಬಂದು ಇನ್ನೂ ನಾಲ್ಕು ತಿಂಗಳಂತೆ. ಅವಳ ಅತ್ತೆ ದೊಡ್ಡತಾಯಿ ಹಿತ್ತಲಲ್ಲಿ ಒಂದು ಗಿಡ ಸಾಕಿದ್ಲಂತೆ. ಅದರ ಮೊಗ್ಗು ಪುಗ್ಗೆ ಊದಿದ ಹಾಗೆ ಉಬ್ಬಿ ಉಬ್ಬಿ, ಒಂದು ಬೆಳಗ್ಗೆ ತಾನಾಗೇ ಬಿರಿದು ಐದೆಸಳಿನ ನೀಲಿ ಹೂವಾಗ್ತಿತ್ತಂತೆ. ಪುಗ್ಗೆ ಹೂವು ಅಂತಲೇ ಕರೀತಿದ್ರು. ಹೂ ಬಿಡೋ ಕಾಲದಲ್ಲಿ ಶಿವನಿಗೆ ಆ ಹೂವಿಟ್ಟ ಮೇಲೇ ಅತ್ತೆ ಬಾಯಿಗೆ ನೀರು ಬಿಡೋದು.

ಆಮೇಲೆ ಅತ್ತೆಗೆ ಕಾಶಿಗೆ ಹೋಗೋ ಮನಸ್ಸಾಯ್ತಂತೆ. ಆಗೆಲ್ಲ ಕಾಲ್ನಡಿಗೆ, ಹೋದವರು ಬಂದ್ರೆ ಪುಣ್ಯ. ಹೊರಡೋ ಹೊತ್ತಿಗೆ ಸೊಸೇನ ಕರೆದು, ಈ ಗಿಡ ಅಂದ್ರೆ ನಾನೇ ಅಂತ ತಿಳಕೋ, ಮೂರು ಮಾತು ಹೇಳ್ತೀನಿ ಅಂದ್ಲಂತೆ. ಇದರ ಬೇರು ಗೆಣಸಿನ ಹಾಗೆ, ನೀರು ನಿಂತ್ರೆ ಕೊಳೆಯುತ್ತೆ, ಬೆರಳಿಟ್ಟು ನೋಡಿ ಮಣ್ಣು ಒಣಗಿದ್ರೆ ಮಾತ್ರ ನೀರು ಹಾಕು, ಇದೊಂದು. ಮೊಗ್ಗು ಹಿಸುಕಿ ಪಟ್ಟನ್ನಿಸಬೇಡ, ತಾನಾಗಿ ಬಿರಿದದ್ದೇ ದೇವರಿಗೆ, ಇದೆರಡು. ಮೂರನೇದಕ್ಕೆ ಬಾಯಿ ತೆಗೆಯೋ ಅಷ್ಟರಲ್ಲಿ ಸೊಸೆಗೆ ಬೇಜಾರು ಹತ್ತಿತ್ತು.

“ಗೊತ್ತು ಬಿಡಿ ಅತ್ತೆ, ನಮ್ಮಪ್ಪನ ಮನೇಲೂ ಹಿತ್ತಲಿತ್ತು.”

ಅತ್ತೆ ನಕ್ಕು, ಆ ಮೂರನೇ ಮಾತನ್ನ ನುಂಗಿಕೊಂಡು ಹೊರಟೇಹೋದ್ಲಂತೆ.

ಸೊಸೆ ಏನೂ ಕಡಿಮೆ ಮಾಡಲಿಲ್ಲ ಕಂದಾ. ಬೆರಳಿಟ್ಟು ನೋಡಿ ನೀರು ಹಾಕಿದ್ಲು, ಒಂದು ಮೊಗ್ಗೂ ಮುಟ್ಟಲಿಲ್ಲ. ಆಮೇಲೆ ಕಾರ್ತಿಕ ಕಳೆದು ಚಳಿ ಬಿತ್ತಂತೆ, ಎಲೆ ಹಳದಿಯಾಯ್ತಂತೆ. ಅವಳು ಗೊಬ್ಬರ ಹಾಕಿದ್ಲು, ಮುಳ್ಳಿನ ಬೇಲಿ ಕಟ್ಟಿದ್ಲು, ಮೂರು ಸೋಮವಾರ ಉಪವಾಸವಿದ್ದು ದೀಪ ಹಚ್ಚಿದ್ಲು. ಆದ್ರೂ ಕಡ್ಡಿ ಒಣಗಿ ಉದುರಿ ಬರೀ ಮಣ್ಣುಳೀತಂತೆ. ಆಗ ಎದೆ ಹೊಡಕೊಂಡು ಅತ್ತು, ಗಿಡ ಅಂದ್ರೆ ನಾನೇ ಅಂದಿದ್ರು, ಗಿಡ ಹೋಯ್ತು, ಅತ್ತೇನೂ ಹೋದ್ರು ಅಂದ್ಲಂತೆ. ಗಂಡ ಮೊದಲು, ನಿಂಗೆಲ್ಲೋ ಹುಚ್ಚು ಕಣೇ ಅಂದ. ಮೂರು ತಿಂಗಳು ಕಾದ್ರೂ ಸುದ್ದಿ ಬರಲಿಲ್ಲ, ಅವನೂ ಅತ್ತ. ಹೆಣವಿಲ್ಲದ್ದಕ್ಕೆ ದರ್ಭೆಯ ಗೊಂಬೆ ಮಾಡಿ ಸುಟ್ಟು, ತಿಥಿ ಮಾಡಿ, ಅತ್ತೆಯ ಸೀರೆಗಳನ್ನೆಲ್ಲ ದಾನ ಕೊಟ್ಟುಬಿಟ್ರಂತೆ.

ಯುಗಾದಿ ಕಳೆದ ಮೇಲೆ ಗಂಗೆಯ ತಂಬಿಗೆ ಹಿಡಿದು ಅತ್ತೆ ಬಂದಳಂತೆ.

ಊರ ಶಾಸ್ತ್ರಿಗಳು ಹೊಸಿಲಲ್ಲೇ ತಡೆದ್ರು. ತಿಥಿಯಾದವರು ಮನೆಯೊಳಗೆ ಕಾಲಿಡೋ ಹಾಗಿಲ್ಲವಂತೆ. ಸೊಸೆ ಕಾಲಿಗೆ ಬಿದ್ದು, ನಡೆದದ್ದನ್ನೆಲ್ಲ ಬಿಕ್ಕುತ್ತಾ ಹೇಳಿದ್ಲಂತೆ. ಅತ್ತೆ ಬೈಯಲಿಲ್ಲ. ಹಿತ್ತಲಿಗೆ ಹೋಗಿ ಬೆರಳಲ್ಲಿ ಮಣ್ಣು ಕೆದರಿದ್ಲು, ಕೆಳಗೆ ಕಿರುಬೆರಳಿನಂಥ ಮೊಳಕೆಗಳಿದ್ದವಂತೆ.

“ಚಳಿಗೆ ಇದು ಮಣ್ಣೊಳಗೆ ಮಲಗುತ್ತೆ ಮಗಾ. ಸತ್ತಿತು ಅನ್ಕೋಬೇಡ ಅಂತ ಹೇಳಬೇಕಿತ್ತು.”

ಆ ಮಾತು ಕೇಳಿ ಕೆಂಪಾಜಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸ್ತಂತೆ. ಅರೆಗಳಿಗೆ ನಿಂತು ಕೇಳಿದ್ರೆ ಸಾಕಿತ್ತಲ್ಲ ಶಿವನೇ.

ಅತ್ತೆ ಕೊಟ್ಟಿಗೇಲಿ ಮಲಗಿದ್ಲು, ಸೊಸೆ ಅನ್ನ ಮುಟ್ಟಲಿಲ್ಲ. ಶಾಸ್ತ್ರಿಗಳ ಬಾಗಿಲಿಗೆ ಹೋದ್ಲು, ಆಗಲ್ಲ ಅಂದ್ರು. ಮತ್ತೆ ಹೋದ್ಲು, ಮುಖ ತಿರುಗಿಸಿದ್ರು. ಮೂರನೇ ಸಲ ಹೋದಾಗ ಅವರ ಮನಸ್ಸೂ ಕರಗಿ, ಒಂದೇ ದಾರಿ ತಾಯಿ, ಆಕೆ ಮತ್ತೆ ಹುಟ್ಟಬೇಕು, ತೊಟ್ಟಿಲಿಗೆ ಹಾಕಿ ಹೆಸರಿಡಿ ಅಂದ್ರಂತೆ.

ಆಮೇಲೆ ಕೊಟ್ಟಿಗೆಯ ತೊಲೆಗೆ ಸೀರೆ ಕಟ್ಟಿ, ಅರವತ್ತರ ಅತ್ತೇನ ಸ್ನಾನ ಮಾಡಿಸಿ ಅದರೊಳಗೆ ಮಲಗಿಸಿದ್ರಂತೆ. ಕಾಲು ಎರಡೂ ಹೊರಗೆ. ನೆರೆಮನೆಯವರು ಸೆರಗು ಬಾಯಿಗಿಟ್ಟುಕೊಂಡು ನಗ್ತಿದ್ರು. ಮೆಲ್ಲಗೆ ತೂಗೇ, ನಿನ್ನ ಕೂಸಿಗೆ ಸೊಂಟನೋವು ಅಂತ ಅತ್ತೆ ಅಂದ್ಲಂತೆ. ಸೊಸೆ ನಗೋಕೆ ಹೋಗಿ ಅತ್ತುಬಿಟ್ಲು. ಗಂಗವ್ವ ಅಂತ ಹೆಸರಿಟ್ಟು, ಎದೆಗೊರಗಿಸಿಕೊಂಡು ಹೊಸಿಲು ದಾಟಿಸಿದ್ಲಂತೆ.

ಮನೆ ತುಂಬಿತು, ಶಿವ ದೊಡ್ಡವನು. ಆದ್ರೆ ಬಾವಿಕಟ್ಟೇಲಿ ಯಾರಾದ್ರೂ ಅತ್ತೆಯ ಹಳೇ ಸೀರೆ ಉಟ್ಟು ಬಂದ್ರೆ ಕೆಂಪಾಜಿ ತಲೆ ತಗ್ಗಿಸಿ, ಬಿಂದಿಗೆ ತುಂಬೋದನ್ನೂ ಮರೆತು ನಿಂತುಬಿಡ್ತಿದ್ಲಂತೆ. ಎಷ್ಟು ವರ್ಷವಾದ್ರೂ ಹಾಗೇ ಅಂತೆ.

ಅವರು ಅಲ್ಲಿ ತಣ್ಣಗಿರಲಿ, ಕತೆ ಅವರ ಹಿತ್ತಲಲ್ಲೇ ಇರಲಿ. ಶಿವಾ ಅಂತ ಕೈಮುಗಿದು ಕಣ್ಣು ಮುಚ್ಚು ಕಂದಾ.