ಏಡಿಯ ಒಂದೇ ಕೈ ಯಾಕೆ ದೊಡ್ಡದು

ನೂಲು ಹುಣ್ಣಿಮೆಯ ಮಾರನೇ ದಿನ, ನಾಲ್ಕನೇ ಕ್ಲಾಸಿನ ಪಾಟಿಚೀಲವನ್ನು ತೆಂಗಿನ ಬುಡದಲ್ಲಿಟ್ಟು ನಾನು ಮೊದಲ ಸಲ ಮನೆ ಬಿಟ್ಟೆ. ಅವತ್ತು ಅಳಿವೆ ದಾಟಿಸಿದ ಹಮ್ಮಯ್ಯಜ್ಜ ದೋಣಿಯಲ್ಲಿ ಹೇಳಿದ ಕತೆ ಇದು. ಈಗ ಅದೇ ಅಳಿವೆಯ ಕೆಸರು ದಂಡೆಯಲ್ಲಿ ಕೂತು ನನ್ನ ತಂಗಿಯ ಮಗಳು ಗುಲಾಬಿಗೆ ಹೇಳುತ್ತಿದ್ದೇನೆ.

ಭೂಮಿಯ ಕೆಸರು ಇನ್ನೂ ಹಸಿಯಿದ್ದ ಕಾಲ. ನದಿ ಸುತ್ತಿ ಬಳಸಿ, ದಂಡೆಯ ಕೆಸರಲ್ಲಿ ಬೇರು ಬಿಟ್ಟ ಕಾಂಡ್ಲ ಗಿಡಗಳನ್ನೆಲ್ಲ ಮಾತಾಡಿಸುತ್ತ ಬರುತ್ತಿತ್ತು. ಸಮುದ್ರವೂ ಅದೇ ತಿರುವುಗಳಲ್ಲಿ ಮೆಲ್ಲಗೆ ಏರಿ, ಮೆಲ್ಲಗೆ ಇಳಿಯುತ್ತಿತ್ತು. ಆಗ ಏಡಿಗಳಿಗೆಲ್ಲ ಎರಡೂ ಕೈ ಸಣ್ಣ.

ಆ ಕೆಸರಿನಡಿ ಕಪ್ಪು ಎಣ್ಣೆ ಮಲಗಿತ್ತು. ಅದರ ವಾಸನೆ ಹಿಡಿದು ಒಬ್ಬ ಸಾಹುಕಾರ ಬಂದ.

"ಇದೆಂತ ಸುತ್ತು ದಾರಿ! ನನ್ನ ಹಡಗು ನೆಟ್ಟಗೆ ಬರಬೇಕು" ಎಂದ. ಯಾರನ್ನೂ ಕೇಳಲಿಲ್ಲ. ಸಮುದ್ರದಿಂದ ಎಣ್ಣೆಯವರೆಗೆ ನೇರ ಕಾಲುವೆ ಕಡಿದ.

ಉಪ್ಪುನೀರು ನುಗ್ಗಿತು. ಭತ್ತ ಸುಟ್ಟುಹೋಯಿತು, ಕಾಂಡ್ಲ ಉರುಳಿತು. ಎಣ್ಣೆ ಹೀರಿದಷ್ಟೂ ನೆಲ ಕುಸಿಯಿತು.

"ನಿನಗೆ ನಾಚಿಕೆ ಇಲ್ವಾ?" ಎಂದು ಏಡಿ ಸಮುದ್ರಕ್ಕೆ ಬೈದಿತು.

"ನನಗ್ಯಾಕೆ ಬೈತೆ? ನೇರ ದಾರಿ ಕಂಡ್ರೆ ನಿಲ್ಲೂಕೆ ನನಗೆ ಬರೂದಿಲ್ಲ" ಎಂದಿತು ಸಮುದ್ರ.

ಏಡಿ ಸಾಹುಕಾರನ ಹತ್ತಿರ ಹೋಯಿತು. "ಕಾಲುವೆ ಬಾಯಿ ಮುಚ್ಚು. ನನ್ನ ಮರಿಗಳು ಕೊಚ್ಚಿಹೋಗ್ತವೆ."

"ನಿನ್ನ ಮನೆ ಎಷ್ಟು ದೊಡ್ಡದು?"

"ನನ್ನ ಮೈಯಷ್ಟು."

"ಅಷ್ಟು ತೂತಿಗೆ ಇಷ್ಟು ಗಲಾಟೆಯಾ!" ಸಾಹುಕಾರ ಹೊಟ್ಟೆ ಹಿಡಿದು ನಕ್ಕ. ಎಣ್ಣೆ ಮುಗಿಯಿತು, ಹೊರಟೇ ಹೋದ. ಕಾಲುವೆಯನ್ನು ಹಾಗೇ ಬಾಯ್ತೆರೆದು ಬಿಟ್ಟುಹೋದ, ಹಾಳಾದವನು!

ಏಡಿ ಒಂದು ಮುರುಕು ಹಲಗೆ ತಂದು ಕಾಲುವೆಯ ಬಾಯಿಗೆ ಅಡ್ಡ ಇಟ್ಟು, ಒಂದೇ ಕೈಯಲ್ಲಿ ಒತ್ತಿ ನಿಂತಿತು. ಹೆಂಡತಿ ಎರಡೂ ಕೈಯಲ್ಲಿ ಚಿಟಿಕೆ ಚಿಟಿಕೆ ಕೆಸರು ತಂದು ಮೆತ್ತಿದಳು.

"ಏ, ಕೈ ಬಿಟ್ಟೀರಿ!"

"ಬಿಡೂಕೆ ಇದೇನು ನಿನ್ನ ಅಪ್ಪನ ಮನೆ ಬಾಗಿಲಾ? ಬೇಗ ಬೇಗ ತಾರೇ!"

ಸಮುದ್ರ ಗುದ್ದಿತು. ಏಡಿ ಬಿಡಲಿಲ್ಲ. ಮತ್ತೆ ಗುದ್ದಿತು. ಏಡಿ ಬಿಡಲಿಲ್ಲ. ಒತ್ತಿ ಒತ್ತಿ ಆ ಕೈ ಊದಿತು. ಕೆಸರು ಗಟ್ಟಿಯಾಗಿ, ಮರಿಗಳು ಬಿಲದಿಂದ ಇಣುಕುವ ಹೊತ್ತಿಗೆ ಕೈ ಮೈಯಷ್ಟಾಗಿತ್ತು. ಮತ್ತೆ ಇಳಿಯಲೇ ಇಲ್ಲ.

ಅದಕ್ಕೇ ಇವತ್ತಿಗೂ ಈ ಕೆಸರಿನ ಗಂಡು ಏಡಿಗೆ ಒಂದು ಕೈ ದೊಡ್ಡದು, ಹೆಣ್ಣಿಗೆ ಎರಡೂ ಸಣ್ಣ.

ಕತೆ ಮುಗಿಸಿ ನಾನು ಚೀಲಕ್ಕೆ ಪಂಚೆ ತುರುಕಿದೆ. ಸಂಜೆಯ ಲಾರಿ ಸಿಕ್ಕಿದರೆ ಕಾರವಾರ, ಅಲ್ಲಿಂದ ಮುಂದೆ ನೋಡುವ.

"ಮಾವ, ಏಡಿ ನಿಂಗೆ ಟಾಟಾ ಮಾಡ್ತಾ ಉಂಟು!" ಎಂದಳು ಗುಲಾಬಿ.

"ಟಾಟಾ ಅಲ್ಲ ಮಗಾ" ಎಂದೆ, ಚೀಲದ ಬಾಯಿ ಬಿಗಿಯುತ್ತ. "ಕೆಸರಿನ ದಂಡೆಗೆ ಯಾರೇ ಬರಲಿ, ಆ ದೊಡ್ಡ ಕೈ ಎತ್ತಿ ಅದು ಕೇಳೂದು ಒಂದೇ: ಕಾಲುವೆ ಕಡಿದವ ಎಲ್ಲಿ ಹೋದ?"