ದೋಣಿ ಹೊತ್ತ ವ್ಯಾನು

ನದಿ ಸಮುದ್ರ ಸೇರುವ ಅಳಿವೆಯ ದಡದಲ್ಲಿ ದತ್ತಾರಾಮ ಗುರುಗಳ ಆಶ್ರಮ. ಒಂದು ಮಧ್ಯಾಹ್ನ ಅದರ ಅಂಗಳಕ್ಕೆ ಹಳೆಯ ವ್ಯಾನೊಂದು ಬಂದು ನಿಂತಿತು. ವ್ಯಾನಿನ ಮೇಲೆ, ಇಬ್ಬರು ಕೂರುವಷ್ಟು ಚಿಕ್ಕ ದೋಣಿಯೊಂದನ್ನು ಹಗ್ಗದಿಂದ ಬಿಗಿಯಲಾಗಿತ್ತು.

ಇಳಿದು ಬಂದವಳು ವಿಲಾಸಿನಿ. ಮದುವೆಗೆ ಮೊದಲು ಕೆಲವು ವರ್ಷ ಗುರುಗಳ ಬಳಿಯೇ ಇದ್ದು ಕಲಿತವಳು. ಈಗ ಕೂದಲು ನರೆತಿತ್ತು. ಅವಳ ಗುರುತು ಹಿಡಿಯಲು ಗುರುಗಳಿಗೆ ಸ್ವಲ್ಪ ಹೊತ್ತು ಬೇಕಾಯಿತು.

"ಮುಕುಂದ ಬರಲಿಲ್ಲವೇ?" ಎಂದು ಅವಳ ಗಂಡನ ಬಗ್ಗೆ ಕೇಳಿದರು.

"ಅವರನ್ನೇ ಹುಡುಕಿಕೊಂಡು ಬಂದೆ" ಎಂದಳು.

ಜಗುಲಿಯಲ್ಲಿ ಕೂತು ಎಲ್ಲವನ್ನೂ ಹೇಳಿದಳು. ಗಂಡ ಹೆಂಡತಿ ಆ ವ್ಯಾನಿನೊಳಗೇ ಹಾಸಿಗೆ, ಒಲೆ ಇಟ್ಟುಕೊಂಡು ಊರೂರು ತಿರುಗುತ್ತಿದ್ದರು. ನೀರು ಕಂಡಲ್ಲಿ ದೋಣಿ ಇಳಿಸುವುದು, ಕತ್ತಲಾದಲ್ಲಿ ಮಲಗುವುದು. ಘಟ್ಟದ ಮೇಲೆ, ಇದೇ ನದಿಯ ದಡದಲ್ಲಿ, ಒಂದು ಬೆಳಿಗ್ಗೆ ಮುಕುಂದ ದೋಣಿ ಇಳಿಸಿ ಅವಳನ್ನು ಕರೆದ.

"ಅನ್ನಕ್ಕೆ ಇಟ್ಟಿದ್ದೆ. ನೀವು ಹೋಗಿ ಬನ್ನಿ ಅಂದೆ."

ಸಂಜೆ ದೋಣಿ ಬಿದಿರು ಮೆಳೆಯಲ್ಲಿ ಸಿಕ್ಕಿತು. ಮುಕುಂದ ಸಿಗಲಿಲ್ಲ.

ಹುಡುಕಲು ಬಂದವರು ಸೋತು ಮನೆಗೆ ಹೋದರು. ಅವಳು ಹೋಗಲಿಲ್ಲ. ದೋಣಿಯನ್ನು ವ್ಯಾನಿನ ಮೇಲೆ ಕಟ್ಟಿಸಿಕೊಂಡು ನದಿ ಹರಿದ ದಿಕ್ಕಿಗೇ ಹೊರಟಳು. ದಡದ ಊರುಗಳಲ್ಲೆಲ್ಲ ನಿಲ್ಲಿಸಿ ಮೀನು ಹಿಡಿಯುವವರನ್ನು, ಬಟ್ಟೆ ಒಗೆಯುವವರನ್ನು ಕೇಳಿದಳು. ಯಾರೂ ಕಂಡಿರಲಿಲ್ಲ.

"ಒಂದು ಕಡೆ ಅಂಗಿ ಸಿಕ್ಕಿದೆ ಅಂದರು. ಓಡಿಹೋಗಿ ನೋಡಿದರೆ ಬೇರೆ ಯಾರದೋ. ಸದ್ಯ, ಅವರದ್ದಲ್ಲ ಅನ್ನಿಸಿತು. ಆಮೇಲೆ ಅವರದ್ದೇ ಆಗಬಾರದಿತ್ತೇ ಅನ್ನಿಸಿತು."

ಗುರುಗಳು ವ್ಯಾನಿನತ್ತ ನೋಡಿದರು. "ದೋಣಿಯನ್ನು ಕವುಚಿ ಕಟ್ಟಬೇಕಲ್ಲವೇ? ಮಳೆ ನೀರು ತುಂಬುತ್ತದೆ."

"ಎಲ್ಲರೂ ಹಾಗೇ ಹೇಳುತ್ತಾರೆ. ಸಿಕ್ಕಿದಾಗ ಅದು ಕವುಚಿಕೊಂಡೇ ಇತ್ತು, ಗುರುಗಳೇ. ಮತ್ತೆ ಹಾಗೆ ನೋಡಲಾರೆ."

ಎದುರಿಗೆ ನದಿಯ ಕೆಂಪು ನೀರು ಸಮುದ್ರದೊಳಗೆ ಕರಗಿ ಹೋಗುತ್ತಿತ್ತು.

"ಇಲ್ಲಿಂದ ಮುಂದೆ ನದಿಯಿಲ್ಲ. ಇನ್ನು ಯಾರನ್ನು ಕೇಳಲಿ?"

ಅವಳು ಗುರುಗಳತ್ತ ತಿರುಗಿದಳು.

"ಮನೆಯವರು ಕರ್ಮ ಮಾಡಿಸು ಎನ್ನುತ್ತಾರೆ. ಸತ್ತಿದ್ದಾರೆ ಅಂತ ನಾನು ಹೇಗೆ ಹೇಳಲಿ? ಬದುಕಿದ್ದಾರೆ ಅಂತಲಾದರೂ ಹೇಗೆ ಹೇಳಲಿ? ಇವತ್ತಿಗೂ ಇಬ್ಬರಿಗಾಗುವಷ್ಟು ಅನ್ನ ಮಾಡುತ್ತೇನೆ. ಉಳಿದದ್ದನ್ನು ನೀರಿಗೆ ಹಾಕುತ್ತೇನೆ."

ಆಮೇಲೆ ಸಿಟ್ಟಿನಿಂದ ಕೇಳಿದಳು. "ಬಿಡುವುದನ್ನು ಕಲಿ ಅಂತ ಇದೇ ಜಗುಲಿಯಲ್ಲಿ ಕೂರಿಸಿ ಹೇಳಿಕೊಟ್ಟಿರಿ. ಈಗ ಹೇಳಿ. ಹೇಗೆ ಬಿಡುವುದು?"

"ನನಗೆ ಗೊತ್ತಿಲ್ಲ."

"ಮತ್ತೆ ಯಾಕೆ ಹೇಳಿಕೊಟ್ಟಿರಿ?"

"ಆಗ ನಾನು ಏನನ್ನೂ ಕಳೆದುಕೊಂಡಿರಲಿಲ್ಲ."

ವಿಲಾಸಿನಿ ಎದ್ದು ನಿಂತಳು. "ಒಂದು ಕೊಡಲಿ ಕೊಡಿ. ಅವರನ್ನು ಬಿಟ್ಟು ಬಂದ ದೋಣಿ ಅದು. ಒಡೆದು ಹಾಕುತ್ತೇನೆ."

ಗುರುಗಳು ಬೇಡ ಎನ್ನಲಿಲ್ಲ. ಒಳಗೆ ಹೋಗಿ ಸೌದೆ ಒಡೆಯುವ ಕೊಡಲಿ ತಂದು ಅವಳ ಕೈಗೆ ಕೊಟ್ಟರು.

ಅವಳು ವ್ಯಾನಿನ ಹಿಂದಿನ ಏಣಿ ಹತ್ತಿ ಮೇಲೆ ಹೋದಳು. ಕೊಡಲಿ ಎತ್ತಿದಳು. ದೋಣಿಯೊಳಗೆ ನೀರು ನಿಂತಿತ್ತು. ದಾರಿಯುದ್ದಕ್ಕೂ ಉದುರಿದ ಎಲೆಗಳು ಅದರಲ್ಲಿ ಕೊಳೆಯುತ್ತಿದ್ದವು. ಮುಂದೆ ಅವಳು ಕೂರುತ್ತಿದ್ದ ಹಲಗೆ, ಹಿಂದೆ ಅವನು ಕೂರುತ್ತಿದ್ದ ಹಲಗೆ.

ಎತ್ತಿದ ಕೈ ಹಾಗೇ ನಿಂತಿತು. ಕೊಡಲಿ ಜಾರಿ ಕೆಳಗಿನ ಮರಳಿಗೆ ಬಿತ್ತು.

ವಿಲಾಸಿನಿ ದೋಣಿಯೊಳಗೆ ಕಾಲಿಟ್ಟು, ಹಲಗೆಗಳ ನಡುವೆ, ಆ ನೀರಿನಲ್ಲೇ ಕೂತುಬಿಟ್ಟಳು. ಗಂಡ ಹೋದ ಮೇಲೆ ಅವಳು ಅತ್ತಿರಲಿಲ್ಲ. ಈಗಲೂ ಅಳು ಬರಲಿಲ್ಲ.

ಕೆಳಗಿದ್ದ ಗುರುಗಳು ಏಣಿಗೆ ಕೈ ಹಾಕಿದರು. ಮುಪ್ಪಿನ ಕಾಲುಗಳು ನಡುಗುತ್ತಿದ್ದವು.

"ಬರಬೇಡಿ ಗುರುಗಳೇ, ಬೀಳುತ್ತೀರಿ."

ಅವರು ಕೇಳಲಿಲ್ಲ. ಒಂದೊಂದೇ ಮೆಟ್ಟಿಲು ಹತ್ತಿ, ಮೇಲೆ ಬಂದು, ದೋಣಿಯ ಅಂಚು ಹಿಡಿದು ಏದುಸಿರು ಬಿಡುತ್ತಾ ನಿಂತರು.

"ಇದು ಯಾವತ್ತಾದರೂ ಕಡಿಮೆಯಾಗುತ್ತದೆಯೇ?" ಎಂದು ಅವಳು ಕೇಳಿದಳು.

"ಆಗುತ್ತದೆ ಎಂದು ಹೇಳಲಾರೆ" ಎಂದರು ಗುರುಗಳು. "ಸ್ವಲ್ಪ ಆಚೆ ಸರಿ ತಂಗೀ, ನಾನೂ ಕೂರುತ್ತೇನೆ."